ಬಿಡ್ತು ಎನ್ನುವವರು ಯಾರು?

ಕಳೆದ ಕಾರ್ತಿಕ ಮಾಸದಲ್ಲಿ ದೀಪೋತ್ಸವದ ನಿಮಿತ್ತ ಒಂದು ಗ್ರಾಮಕ್ಕೆ ಹೋಗಿದ್ದೆವು. ಧರ್ಮಸಭೆ ಮುಗಿದ ಮೇಲೆ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದದ ವ್ಯವಸ್ಥೆಯಾಗಿತ್ತು. ಒಳಗೆ ಅಡಿಗೆಯ ಗಡಿಬಿಡಿ ನಡೆದಿತ್ತು. ಪಡಸಾಲೆಯಲ್ಲಿ ಟೀವಿ ಹಚ್ಚಿದ್ದರು. ನಮ್ಮನ್ನು ಕಂಡ ಸೊಸೆ ಅದರ ಧ್ವನಿಯನ್ನು ತಗ್ಗಿಸಿದಳು, ಆದರೆ ಆರಿಸಲಿಲ್ಲ. ಆ ಹೊತ್ತಿನ ಕಾರ್ಯಕ್ರಮವನ್ನು ಬಿಟ್ಟಿರುವುದು ಆ ಮನೆಯಲ್ಲಿ ಯಾರಿಗೂ ಸಾಧ್ಯವಿರಲಿಲ್ಲವೆಂದು ತೋರುತ್ತದೆ. ತೆರೆಯ ಮೇಲೆ ಒಂದು ದೊಡ್ಡ ಮನೆ, ಅದರೊಳಗೆ ಹತ್ತು ಹನ್ನೆರಡು ಜನ. ಇಬ್ಬರು ಹೆಣ್ಣುಮಕ್ಕಳು ಪಾತ್ರೆ ತೊಳೆಯುವ ವಿಷಯಕ್ಕೆ ಜಗಳಕ್ಕೆ ನಿಂತಿದ್ದರು.

ಮನೆಯ ಹಿರಿಯ ತಾಯಿಗೆ ಎಂಬತ್ತು ದಾಟಿದೆ. ಆಕೆ ನಮ್ಮ ಸಮೀಪ ಬಂದು ಕುಳಿತು, ಸಣ್ಣ ಧ್ವನಿಯಲ್ಲಿ ಒಂದು ಪ್ರಶ್ನೆ ಕೇಳಿದಳು. "ಅಜ್ಜಾರ, ಟೀವಿಯೊಳಗಿನ ಮಂದಿಗೆ ನಾವು ಇಲ್ಲಿಂದ ಬೈದ್ರ ಅವರಿಗೆ ಕೇಳಸ್ತದೇನ್ರಿ?"

ನಮಗೆ ನಗೆ ಬಂತು. ಆದರೆ ಆಕೆ ನಗಲಿಲ್ಲ. ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ ಮೊಮ್ಮಗನ ಕಡೆಗೆ ಕಣ್ಣು ತೋರಿಸಿ, "ನಾ ಬೈದ್ರ ಕೇಳೂದಿಲ್ಲಂತ. ಇವ ಅದರಾಗ ಬರೆದ್ರ ಕೇಳಸ್ತದಂತ" ಎಂದಳು. ಆ ಸಂಜೆ ಮುಂದೇನಾಯಿತು ಎಂಬುದನ್ನು ಆಮೇಲೆ ಹೇಳುತ್ತೇವೆ. ಆ ತಾಯಿಯ ಪ್ರಶ್ನೆ ಮಾತ್ರ ಮಠಕ್ಕೆ ಮರಳಿದ ಮೇಲೂ ನಮ್ಮನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ದೂರದ ಜಪಾನ್ ದೇಶದವರೆಗೂ ಹೋಗಬೇಕಾಯಿತು.

ಸದ್ಭಕ್ತರೇ, ಆಟ ನೋಡಿ ಬೈಯುವುದು ನಮ್ಮ ಜನರಿಗೆ ಹೊಸದಲ್ಲ. ದೊಡ್ಡಾಟ, ಸಣ್ಣಾಟಗಳನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಗ್ಯಾ-ಬಾಳ್ಯಾ ಆಟದಲ್ಲಿ ಗೆಳೆಯನಿಗೆ ದ್ರೋಹ ಬಗೆಯುವ ಬಾಳ್ಯಾನ ಪಾತ್ರಧಾರಿ ಅಟ್ಟದ ಮೇಲೆ ಬಂದರೆ ಮುಂದೆ ಕುಳಿತ ತಾಯಂದಿರು ನೆಟಿಗೆ ಮುರಿದು ಶಪಿಸುತ್ತಿದ್ದರು. ದುಶ್ಶಾಸನ ಸೀರೆಗೆ ಕೈ ಹಾಕಿದರೆ "ನಿನ್ನ ಕೈ ಸೇದಿ ಹೋಗಲಿ" ಎನ್ನುತ್ತಿದ್ದರು. ಬೆಳಗಾದ ಮೇಲೆ ಅದೇ ದುಶ್ಶಾಸನ ಮುಖದ ಬಣ್ಣ ತೊಳೆದುಕೊಂಡು ಅದೇ ತಾಯಂದಿರ ಮನೆಯ ಕಟ್ಟೆಗೆ ಬಂದು ಕುಳಿತರೆ ಅಂಬಲಿ ಕೊಟ್ಟು, "ಭಾಳ ಛಲೋ ಮಾಡಿದಿ ಬಿಡಪಾ" ಎನ್ನುತ್ತಿದ್ದರು. ರಾತ್ರಿಯ ಶಾಪ ಬಣ್ಣದ ಜೊತೆಗೆ ತೊಳೆದು ಹೋಗುತ್ತಿತ್ತು. ಬೈದವರಿಗೂ, ಬೈಸಿಕೊಂಡವನಿಗೂ ಅದು ಪಾತ್ರಕ್ಕೆ ಸಂದದ್ದೆಂದು ಗೊತ್ತಿತ್ತು.

ರಿಯಾಲಿಟಿ ಶೋ ಎಂದು ಕರೆಯುವ ಈಗಿನ ಆಟದಲ್ಲಿ ಬಣ್ಣವೇ ಇಲ್ಲ. ಅಲ್ಲಿ ಬಂದವರು ತಮ್ಮ ಸ್ವಂತ ಹೆಸರಿನಿಂದ, ಸ್ವಂತ ಮುಖದಿಂದ ಬರುತ್ತಾರೆ. ಅಪರಿಚಿತರನ್ನು ಒಂದು ಮನೆಯಲ್ಲಿ ಕೂಡಿಹಾಕಿ ಹಗಲು ರಾತ್ರಿ ಕ್ಯಾಮೆರಾ ಇಟ್ಟು ತೋರಿಸುವ 'ಬಿಗ್ ಬ್ರದರ್' ಎಂಬ ಕಾರ್ಯಕ್ರಮ ಮೊದಲು 1999ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಆರಂಭವಾಯಿತು. 2006ರಲ್ಲಿ ಅದು ಹಿಂದಿಗೆ 'ಬಿಗ್ ಬಾಸ್' ಆಗಿ ಬಂತು, 2013ರಲ್ಲಿ ಕನ್ನಡಕ್ಕೂ ಬಂತು. ಹಾಡಿನ ಸ್ಪರ್ಧೆ, ಕುಣಿತದ ಸ್ಪರ್ಧೆ, ಅಡಿಗೆಯ ಸ್ಪರ್ಧೆಗಳು ಬೇರೆ. ಇವೆಲ್ಲ ಕೆಟ್ಟವೇ ಎಂದು ನಾವು ಹೇಳುವುದಿಲ್ಲ. ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ಹನುಮಂತ ಹಾಡಿನ ಸ್ಪರ್ಧೆಯಿಂದ ನಾಡಿಗೆ ಪರಿಚಯವಾದದ್ದು, 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದದ್ದು ನಮ್ಮ ಭಾಗದ ಹಲವು ಮನೆಗಳಲ್ಲಿ ಹಬ್ಬದ ಸಂಗತಿಯೇ ಆಗಿತ್ತು. ನಾವೂ ಸಂತೋಷಪಟ್ಟವರೇ.

ಆದರೆ ಒಂದು ಮಾತನ್ನು ನೆನಪಿಡಬೇಕು. ಆ ಮನೆಯಲ್ಲಿ ಇಪ್ಪತ್ತನಾಲ್ಕು ತಾಸು ನಡೆದದ್ದರಲ್ಲಿ ನಮಗೆ ತೋರಿಸುವುದು ಒಂದೋ ಒಂದೂವರೆಯೋ ತಾಸು. ಮೊರದಲ್ಲಿ ಕೇರಿದ ಹಾಗೆ ಯಾವುದನ್ನು ಇಡಬೇಕು, ಯಾವುದನ್ನು ತೂರಬೇಕು ಎಂಬುದನ್ನು ನಿರ್ಧರಿಸುವವರು ಬೇರೆ ಇದ್ದಾರೆ. ಮನೆಯಲ್ಲಿ ನಾವು ಇಡೀ ದಿನ ಸುಮ್ಮನಿದ್ದು, ಒಂದು ನಿಮಿಷ ಸಿಟ್ಟಾಗಿದ್ದನ್ನಷ್ಟೇ ಊರಿಗೆಲ್ಲ ತೋರಿಸಿದರೆ ನಮ್ಮಲ್ಲಿ ಎಷ್ಟು ಜನ ಒಳ್ಳೆಯವರಾಗಿ ಉಳಿದೇವು?

ಜಪಾನಿನಲ್ಲಿ ನಡೆದದ್ದು ಇಂಥದ್ದೇ ಒಂದು ನಿಮಿಷದಿಂದ ಆರಂಭವಾಯಿತು.

ಹಾನಾ ಕಿಮುರಾ ಎಂಬ ಹೆಣ್ಣುಮಗಳು ಅಲ್ಲಿ ಕುಸ್ತಿಪಟು. ತಾಯಿ ಕ್ಯೋಕೊ ಕೂಡ ಕುಸ್ತಿ ಆಡಿದವಳೇ. ಗರಡಿಮನೆಯ ಮಕ್ಕಳು ಅಪ್ಪನ ಹಿಂದೆ ಅಖಾಡಕ್ಕೆ ಇಳಿಯುವಂತೆ ಈ ಮಗಳು ಅವ್ವನ ಹಿಂದೆ ಇಳಿದಳು. 2020ರ ಜನವರಿ 4ರಂದು ಟೋಕಿಯೊ ಡೋಮ್ ಎಂಬ ದೊಡ್ಡ ಕ್ರೀಡಾಂಗಣದಲ್ಲಿ ಆಡಿದಾಗ ಧರಿಸಿದ್ದ ಉಡುಪು ಆಕೆಗೆ ಬಹಳ ಪ್ರೀತಿಯದು. ಅದೇ ಕಾಲಕ್ಕೆ ಆಕೆ 'ಟೆರೇಸ್ ಹೌಸ್' ಎಂಬ ರಿಯಾಲಿಟಿ ಕಾರ್ಯಕ್ರಮದಲ್ಲಿ ಇದ್ದಳು. ಮೂವರು ಹುಡುಗರು, ಮೂವರು ಹುಡುಗಿಯರು ಒಂದು ಮನೆಯಲ್ಲಿ ವಾಸಿಸುವುದು, ಅದನ್ನು ಚಿತ್ರಿಸಿ ತೋರಿಸುವುದು, ಇಷ್ಟೇ ಆ ಕಾರ್ಯಕ್ರಮ. ಒಂದು ದಿನ ಆಕೆ ಆ ಉಡುಪನ್ನು ಬಟ್ಟೆ ಒಗೆಯುವ ಯಂತ್ರದಲ್ಲಿಯೇ ಮರೆತು ಹೋದಳು. ಮನೆಯ ಇನ್ನೊಬ್ಬ ಹುಡುಗ ನೋಡದೆ ತನ್ನ ಬಟ್ಟೆಯ ಜೊತೆಗೆ ಅದನ್ನೂ ಒಗೆದು, ಬಿಸಿ ಗಾಳಿಯಲ್ಲಿ ಒಣಗಿಸಿಬಿಟ್ಟ. ಉಡುಪು ಕುಗ್ಗಿ ಹಾಳಾಯಿತು. ಆಕೆ ಸಿಟ್ಟಿನಿಂದ ಅವನನ್ನು ಬೈದು, ತಲೆಯ ಮೇಲಿನ ಟೋಪಿಯನ್ನು ಕೈಯಿಂದ ಹಾರಿಸಿದಳು. ಮರೆತದ್ದು ಆಕೆಯ ತಪ್ಪು, ನೋಡದಿದ್ದದ್ದು ಅವನ ತಪ್ಪು. ನಮ್ಮ ಯಾವ ಮನೆಯಲ್ಲಿ ಇಂಥದು ನಡೆಯುವುದಿಲ್ಲ? ಅಕ್ಕ ತಮ್ಮಂದಿರು ಸಂಜೆಯೊಳಗೆ ಮರೆಯುವಂಥ ಜಗಳ.

ಆ ಭಾಗ ಮಾರ್ಚ್ 31ರಂದು ಇಂಟರ್ನೆಟ್ಟಿನ ಮೂಲಕ ಬಿಡುಗಡೆಯಾಯಿತು. ಅಂದಿನಿಂದ ಬೈಗುಳ ಆರಂಭ. ದಿನಕ್ಕೆ ನೂರರಷ್ಟು ಬರುತ್ತಿವೆ ಎಂದು ಆಕೆಯೇ ಬರೆದುಕೊಂಡಿದ್ದಳು. ಆಕೆಯ ರೂಪ, ಮೈಕಟ್ಟು, ಹುಟ್ಟು ಯಾವುದನ್ನೂ ಬಿಡಲಿಲ್ಲ. ನೀನೇಕೆ ಬದುಕಿದ್ದೀಯೆ ಎಂದು ಕೇಳಿದವರೂ ಇದ್ದರು. ಕೊರೊನಾದ ದೆಸೆಯಿಂದ ಕುಸ್ತಿ ನಿಂತಿತ್ತು, ಚಿತ್ರೀಕರಣವೂ ನಿಂತಿತ್ತು, ಜನರು ಜನರನ್ನು ಕಾಣದ ಕಾಲ ಅದು. ಅಖಾಡದಲ್ಲಿ ಸಾವಿರ ಜನರ ಕೂಗು ಕೇಳಿ ಅಭ್ಯಾಸವಿದ್ದ ಹುಡುಗಿಗೆ ಈಗ ಒಬ್ಬಳೇ ಕೋಣೆಯಲ್ಲಿ ಕುಳಿತು ಅಂಗೈಯಲ್ಲಿನ ಬೈಗುಳ ಓದುವ ಸ್ಥಿತಿ. ಮೇ ತಿಂಗಳ ಮೂರನೆಯ ವಾರದಲ್ಲಿ ಅದೇ ಭಾಗ ಟೀವಿಯಲ್ಲಿಯೂ ಪ್ರಸಾರವಾಯಿತು, ಬೈಗುಳ ಮತ್ತೊಮ್ಮೆ ಉಕ್ಕಿತು. ಮೇ 23ರಂದು ಆಕೆ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ವಯಸ್ಸು 22.

ಒಂದು ಜೀವ ಹೋಗುವುದಕ್ಕೆ ಒಂದೇ ಕಾರಣವನ್ನು ಎತ್ತಿ ತೋರಿಸುವುದು ಸರಿಯಲ್ಲ. ಮನಸ್ಸಿನೊಳಗಿನ ನೋವು ಆಳವಾದದ್ದು. ಹಾಗಿದ್ದರೂ, ಹೊರಗಿನವರು ತಿಂಗಳುಗಟ್ಟಲೆ ಕಲ್ಲು ಒಗೆದದ್ದು ಸುಳ್ಳಲ್ಲ. ಸಾವಿನ ಸುದ್ದಿ ಬಂದೊಡನೆ ಬೈದವರಲ್ಲಿ ಅನೇಕರು ತಾವು ಬರೆದದ್ದನ್ನು ಅಳಿಸಿ ಕಾಣೆಯಾದರು. ಅಳಿಸಿದ್ದು ಯಾರಿಗಾಗಿ? ಓದಬೇಕಾದವಳು ಓದಿ ಆಗಿತ್ತು.

ಕಾರ್ಯಕ್ರಮವನ್ನು ಕೆಲವೇ ದಿನಗಳಲ್ಲಿ ರದ್ದು ಮಾಡಿದರು. ಅಲ್ಲಿನ ಪ್ರಸಾರ ಮಾಧ್ಯಮಗಳ ಮೇಲ್ವಿಚಾರಣೆಯ ಸಂಸ್ಥೆ 2021ರ ಮಾರ್ಚ್ ತಿಂಗಳಲ್ಲಿ ತನ್ನ ಅಭಿಪ್ರಾಯ ಪ್ರಕಟಿಸಿ, ಮಾನವ ಹಕ್ಕಿನ ಉಲ್ಲಂಘನೆಯೆಂದು ಹೇಳಲಾಗದಿದ್ದರೂ ಆಕೆಯ ಮನಸ್ಥಿತಿಯ ಬಗ್ಗೆ ಸಾಕಷ್ಟು ಕಾಳಜಿ ವಹಿಸದಿದ್ದದ್ದು ಪ್ರಸಾರ ನೀತಿಯ ಲೋಪ ಎಂದಿತು. ಬೈದವರಿಗೆ ಏನಾಯಿತು? ನಿಂದನೆಯ ಪ್ರಕರಣದಲ್ಲಿ ಇಬ್ಬರು ಗಂಡಸರಿಗೆ ತಲಾ 9 ಸಾವಿರ ಯೆನ್ ದಂಡ ಬಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 6 ಸಾವಿರ ರೂಪಾಯಿ. ಒಂದು ಎತ್ತಿನ ಹಗ್ಗ, ಮೂಗುದಾರ, ಗೆಜ್ಜೆಸರ ಕೊಳ್ಳುವಷ್ಟು ಹಣ. ಆಗಿನ ಕಾನೂನಿನಲ್ಲಿ ನಿಂದನೆಗೆ 30 ದಿನದೊಳಗಿನ ಬಂಧನ ಅಥವಾ 10 ಸಾವಿರ ಯೆನ್‌ನೊಳಗಿನ ದಂಡವಷ್ಟೇ ಇತ್ತು. ಒಂದು ವರ್ಷ ಕಳೆದರೆ ಮೊಕದ್ದಮೆಯನ್ನೇ ಹೂಡುವಂತಿರಲಿಲ್ಲ.

ಮಗಳನ್ನು ಕಳೆದುಕೊಂಡ ತಾಯಿ ಸುಮ್ಮನೆ ಕೂಡಲಿಲ್ಲ. ಆಕೆಯೂ ಇನ್ನಿತರರೂ ಬೇಡಿಕೆ ಇಡುತ್ತ ಹೋದರು. 2022ರ ಜೂನ್‌ನಲ್ಲಿ ಅಲ್ಲಿನ ಸಂಸತ್ತು ಕಾನೂನನ್ನು ತಿದ್ದಿತು, ಜುಲೈ 7ರಿಂದ ಅದು ಜಾರಿಗೆ ಬಂತು. ಈಗ ನಿಂದನೆಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 3 ಲಕ್ಷ ಯೆನ್‌ವರೆಗೆ ದಂಡ. ಮೊಕದ್ದಮೆ ಹೂಡುವ ಅವಧಿ ಮೂರು ವರ್ಷ. ಆ ತಾಯಿ ಕುಸ್ತಿಯಾಡಿ ಗಳಿಸಿದ ಎಲ್ಲ ಗೆಲುವಿಗಿಂತ ಇದು ದೊಡ್ಡದೆಂದು ಯಾರಾದರೂ ಹೇಳಬಹುದು. ಆಕೆಗೆ ಹಾಗೆನಿಸಿರಲಾರದು.

ಜಪಾನಿನವರು ತಲೆಬಾಗಿ ನಮಸ್ಕರಿಸುವ ಜನ, ಮಾತಿನಲ್ಲಿ ಬಹಳ ವಿನಯವುಳ್ಳವರು ಎಂದು ನಾವು ಕೇಳಿದ್ದೇವೆ. ಹಿರಿಯರಿಗೆ ಒಂದು ಬಗೆ, ಸರೀಕರಿಗೆ ಒಂದು ಬಗೆ ಎಂದು ಗೌರವದ ಮಾತಿಗೆ ಅವರ ಭಾಷೆಯಲ್ಲಿ ಎಷ್ಟೋ ಮೆಟ್ಟಿಲುಗಳಿವೆ. ಅಂಥ ನಾಡಿನಲ್ಲಿಯೇ ಹೀಗಾಯಿತೆಂದರೆ ನಮ್ಮ ಕನ್ನಡದ ಕಡೆ ಒಮ್ಮೆ ತಿರುಗಿ ನೋಡಬೇಕಾಗುತ್ತದೆ.

ಶ್ರೀಮಠದ ಪಾಠಶಾಲೆಯಲ್ಲಿ ಓದಿದ ಒಬ್ಬ ತರುಣನನ್ನು ಕೂಡಿಸಿಕೊಂಡು, ಈ ಕಾರ್ಯಕ್ರಮಗಳ ಕೆಳಗೆ ಜನ ಏನು ಬರೆಯುತ್ತಾರೆ ಓದಿ ಹೇಳು ಎಂದೆವು. ಅವನು ನಾಲ್ಕು ಸಾಲು ಓದಿದ, ಐದನೆಯದಕ್ಕೆ ನಿಂತ. "ಇದನ್ನ ತಮ್ಮ ಮುಂದೆ ಓದಲಿಕ್ಕೆ ಆಗೂದಿಲ್ರಿ" ಎಂದ. ಆರನೆಯದೂ ಹಾಗೆಯೇ, ಏಳನೆಯದೂ ಹಾಗೆಯೇ. ಬರೆದವರ ಹೆಸರಿನ ಜಾಗದಲ್ಲಿ ಕೆಲವರದು ಹೂವಿನ ಚಿತ್ರ, ಕೆಲವರದು ನಟರ ಚಿತ್ರ. ಒಬ್ಬನದಂತೂ ಸಾಕ್ಷಾತ್ ಶಿವನ ಚಿತ್ರ, ಅದರ ಪಕ್ಕದಲ್ಲಿಯೇ ಒಬ್ಬ ಹೆಣ್ಣುಮಗಳ ತಾಯಿಯನ್ನು ಕುರಿತ ಬೈಗುಳ. ಅವಳು ಮಾಡಿದ ಅಪರಾಧವೆಂದರೆ ಆಟದ ನಿಯಮದಂತೆ ಇನ್ನೊಬ್ಬ ಸ್ಪರ್ಧಿಯ ಹೆಸರನ್ನು ಸೂಚಿಸಿದ್ದು.

ಕನ್ನಡದಲ್ಲಿ ಏಕವಚನವೆಂದರೆ ಅಗೌರವವಲ್ಲ. ತಾಯಿಯನ್ನು 'ಅವ್ವಾ, ನೀ ಉಂಡಿಯೇನ' ಎನ್ನುತ್ತೇವೆ. ಶಿವನನ್ನು 'ನೀನು' ಎಂದೇ ಕರೆಯುತ್ತೇವೆ. ನಮ್ಮ ಭಾಗದಲ್ಲಿ ಹೆಣ್ಣುಕೂಸು ಓಡಿ ಬಂದರೆ 'ಬಂತು ನೋಡು ನಮ್ಮ ಬಂಗಾರ' ಎನ್ನುತ್ತೇವೆ. ಅಲ್ಲಿ 'ಬಂತು' ಎಂಬ ನಪುಂಸಕದಲ್ಲಿಯೂ ವಾತ್ಸಲ್ಯ ತುಂಬಿರುತ್ತದೆ. ಈ ಮಾತುಗಳಿಗೆ ಪ್ರೀತಿಯನ್ನು ಕೊಡುವುದು ಹೇಳುವವನ ಮುಖ, ಧ್ವನಿ, ಸಂಬಂಧ. ಮುಖವಿಲ್ಲ, ಧ್ವನಿಯಿಲ್ಲ, ಸಂಬಂಧವಿಲ್ಲ ಎಂದ ಮೇಲೆ ಪರಸ್ಥಳದ ಹೆಣ್ಣುಮಗಳೊಬ್ಬಳಿಗೆ 'ಇದಕ್ಕೇನು ಬರ್ತದ' ಎಂದು ಬರೆದರೆ ಉಳಿಯುವುದು ತಿರಸ್ಕಾರ ಮಾತ್ರ. ಊರಲ್ಲಿ ಅಪರಿಚಿತರು ಬಂದರೆ 'ಬರ್ರಿ, ಕೂಡ್ರಿ, ನೀರು ಕುಡೀರಿ' ಎನ್ನುವ ಜನ ನಾವು. ಆ 'ರಿ' ಎಂಬ ಒಂದು ಅಕ್ಷರ ಮೊಬೈಲಿನಲ್ಲಿ ಬರೆಯುವಾಗ ಎಲ್ಲಿ ಹೋಗುತ್ತದೆ?

2017ರ ಮಾರ್ಚ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಸುಹಾನಾ ಸೈಯದ್ ಎಂಬ ಯುವತಿ ಕನ್ನಡದ ಹಾಡಿನ ಸ್ಪರ್ಧೆಯಲ್ಲಿ ತಲೆವಸ್ತ್ರ ಧರಿಸಿ ಬಂದು ದೇವರ ಹಾಡೊಂದನ್ನು ಹಾಡಿದಳು. ತೀರ್ಪುಗಾರರು ಮೆಚ್ಚಿದರು, ನಾಡು ಮೆಚ್ಚಿತು. ಪರಪುರುಷರ ಮುಂದೆ ಹಾಡಿದಳೆಂದು ಫೇಸ್‌ಬುಕ್‌ನಲ್ಲಿ ನಿಂದಿಸಿದವರೂ ಇದ್ದರು. ಆ ಸಂದರ್ಭದಲ್ಲಿ ಅನೇಕರು ಆಕೆಯ ಬೆನ್ನಿಗೆ ನಿಂತರೆಂಬುದು ಸಮಾಧಾನದ ಸಂಗತಿ. ಎಲ್ಲರಿಗೂ ಹಾಗೆ ಬೆನ್ನಿಗೆ ನಿಲ್ಲುವವರು ಸಿಗುವುದಿಲ್ಲ.

ಮಾತಿನಿಂದ ನೋಯಿಸಿದವರ ಪಟ್ಟಿಯಿಂದ ನಮ್ಮನ್ನು ನಾವು ಹೊರಗಿಟ್ಟುಕೊಳ್ಳುವಂತಿಲ್ಲ. ಪೀಠಕ್ಕೆ ಬಂದ ಹೊಸದರಲ್ಲಿ, ಜಾತ್ರೆಯ ಸಭೆಯೊಂದರಲ್ಲಿ ಒಬ್ಬ ಹುಡುಗ ಪ್ರಾರ್ಥನೆ ಹಾಡುತ್ತ ಶ್ರುತಿ ತಪ್ಪಿದ. ನಾವು ಆಶೀರ್ವಚನದಲ್ಲಿ ಅದನ್ನೇ ಹಿಡಿದು ಒಂದು ನಗೆಯ ಮಾತು ಆಡಿದೆವು. ಸಭೆಯೆಲ್ಲ ನಕ್ಕಿತು, ಚಪ್ಪಾಳೆಯೂ ಬಿತ್ತು. ಕೆಲವು ವರ್ಷಗಳ ನಂತರ ಅವನ ತಂದೆ ದರ್ಶನಕ್ಕೆ ಬಂದಾಗ, ಮಗ ಹಾಡುತ್ತಾನೆಯೇ ಎಂದು ಕೇಳಿದೆವು. "ಅವತ್ತ ಬಿಟ್ಟಾನ್ರಿ" ಎಂದರು ಆ ಹಿರಿಯರು, ದೂರುವ ಧ್ವನಿಯಲ್ಲೇನೂ ಅಲ್ಲ. ಅಂದು ನಮ್ಮ ಕಿವಿಗೆ ಇಂಪಾಗಿದ್ದು ಆ ಚಪ್ಪಾಳೆ. ಇಂದಿನ ಹುಡುಗರು ತಾವು ಬರೆದ ಕಟು ಮಾತಿಗೆ ಎಷ್ಟು ಜನ ಮೆಚ್ಚಿಗೆ ಒತ್ತಿದರೆಂದು ಎಣಿಸುವುದೂ ಅದೇ ಚಪಲ. ಹೊಗಳಿದರೂ ಒಂದು ಎಣಿಕೆ, ಬೈದರೂ ಒಂದು ಎಣಿಕೆ. ಆ ಯಂತ್ರಕ್ಕೆ ಎರಡೂ ಸಮ.

ಶಾಸ್ತ್ರದಲ್ಲಿ ಜಿಹ್ವೆಯನ್ನು ಗುರುಲಿಂಗದ ಸ್ಥಾನವೆಂದಿದ್ದಾರೆ. ಪ್ರಸಾದ ಒಳಗೆ ಹೋಗುವ ಬಾಗಿಲಿನಿಂದಲೇ ಮಾತು ಹೊರಗೆ ಬರುತ್ತದೆ. ಹಿಂದಿನವರಿಗೆ ಇಷ್ಟು ಹೇಳಿದರೆ ಸಾಕಾಗಿತ್ತು. ಈಗ ಮಾತು ನಾಲಿಗೆಯನ್ನು ಬಿಟ್ಟು ಹೆಬ್ಬೆರಳಿಗೆ ಇಳಿದಿದೆ. ಎಡ ಅಂಗೈ ಇಷ್ಟಲಿಂಗದ ಪೀಠ. ಬೆಳಗಿನ ಪೂಜೆಯಲ್ಲಿ ಲಿಂಗಯ್ಯನನ್ನು ಇಟ್ಟು ನೋಡಿದ ಅದೇ ಅಂಗೈಯಲ್ಲಿ ರಾತ್ರಿ ಮೊಬೈಲ್ ಇರುತ್ತದೆ. ಇದನ್ನು ತಪ್ಪೆನ್ನಲಾಗದು, ಹೊಲದ ಪಹಣಿ, ಪೇಟೆಯ ಧಾರಣೆ, ಮಕ್ಕಳ ಫೋನು ಎಲ್ಲವೂ ಅದರಲ್ಲಿಯೇ ಬರುತ್ತವೆ. ಆ ಅಂಗೈಯ ನೆನಪು ಬಲಗೈ ಹೆಬ್ಬೆರಳಿಗೆ ಇದ್ದರೆ ಸಾಕೆಂದು ನಮಗೆ ಅನಿಸುತ್ತದೆ.

ಕಾನೂನು ನಮ್ಮಲ್ಲಿಯೂ ಇದೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೆಯ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆಯಿದೆ. ಇಂಟರ್ನೆಟ್ಟಿನಲ್ಲಿ ಮನನೋಯಿಸುವ ಬರಹಕ್ಕೆ ಶಿಕ್ಷೆ ವಿಧಿಸುತ್ತಿದ್ದ ಇನ್ನೊಂದು ಕಲಮನ್ನು, ಅದರ ಮಾತುಗಳು ತೀರ ಅಸ್ಪಷ್ಟವಾಗಿವೆಯೆಂದು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಅದು ಸರಿಯೇ, ಹಿಡಿದು ತೋರಿಸಲಾಗದ ಅಪರಾಧಕ್ಕೆ ಬೇಡಿ ತೊಡಿಸಿದರೆ ನಾಳೆ ನ್ಯಾಯ ಕೇಳಿದವನ ಬಾಯಿಗೂ ಅದೇ ಬೇಡಿ ಬರುತ್ತದೆ. ಆದುದರಿಂದ ಪೊಲೀಸರು ಮುಟ್ಟಲಾರದ ಮಾತುಗಳು ಬಹಳ ಉಳಿಯುತ್ತವೆ.

ಅಂಥ ಮಾತುಗಳಿಗೆ ನಮ್ಮ ಮನೆಗಳಲ್ಲಿ ಒಂದು ವ್ಯವಸ್ಥೆ ಇತ್ತು. ಮಗು ಬಾಯಿತಪ್ಪಿ ಅಶುಭ ನುಡಿದರೆ, ಇಲ್ಲವೆ ದೊಡ್ಡವರೇ ಸಿಟ್ಟಿನಲ್ಲಿ 'ಸಾಯಿ' ಎಂದುಬಿಟ್ಟರೆ, ಪಕ್ಕದಲ್ಲಿದ್ದ ಹಿರಿಯರು ತಟ್ಟನೆ "ಬಿಡ್ತು ಅನ್ನು" ಎನ್ನುತ್ತಿದ್ದರು. ಅನ್ನುವವರೆಗೆ ಬಿಡುತ್ತಿರಲಿಲ್ಲ. ಬಿಡ್ತು ಎಂದ ಮೇಲೆ ಆ ಮಾತು ಅಲ್ಲಿಗೆ ಬಿದ್ದು ಹೋಯಿತೆಂದು ಆಡಿದವನಿಗೂ, ಕೇಳಿದವನಿಗೂ ಸಮಾಧಾನ. ಇದಕ್ಕೆ ಬೇಕಾದದ್ದು ಮಾತು ಕೇಳುವಷ್ಟು ಹತ್ತಿರದಲ್ಲಿ ಒಬ್ಬ ಹಿರಿಯರು, ಅಷ್ಟೇ. ಮೊಬೈಲಿನಲ್ಲಿ ಬರೆದ ಮಾತು ಮನೆಯ ಯಾರಿಗೂ ಕೇಳಿಸುವುದಿಲ್ಲ. ಮೊಮ್ಮಗ ಕಂಬಳಿ ಹೊದ್ದು ಮಲಗಿದ್ದಾನೆ ಎಂದುಕೊಂಡಿರುತ್ತೇವೆ. ಅವನು ಬೆಂಗಳೂರಿನ ಯಾರದೋ ಮಗಳಿಗೆ ನಮ್ಮ ಏಳು ತಲೆಮಾರಿನಲ್ಲಿ ಯಾರೂ ಆಡದ ಮಾತು ಆಡಿ ಮುಗಿಸಿರುತ್ತಾನೆ.

ಬೈಸಿಕೊಂಡವರು ನಮ್ಮ ಮನೆಯಲ್ಲಿಯೂ ಇರಬಹುದು. ಶಾಲೆಯ ಹಾಡನ್ನೋ, ಕುಣಿತವನ್ನೋ ಮೊಬೈಲಿನಲ್ಲಿ ಹಾಕಿದ ಮಗಳು ಊಟ ಬಿಟ್ಟು ಕುಳಿತರೆ, 'ಅದನ್ನ ಯಾಕ ನೋಡ್ತಿ' ಎಂದು ಗದರಿಸುವ ಮೊದಲು ಪಕ್ಕದಲ್ಲಿ ಕುಳಿತು ಏನು ಬರೆದಿದ್ದಾರೆಂದು ಕೇಳಬೇಕು. ಮನಸ್ಸು ಬಹಳ ಕುಸಿದಿದ್ದರೆ 14416 ಎಂಬ ಸಂಖ್ಯೆಗೆ ಫೋನ್ ಮಾಡಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಅದು. ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ.

ಇನ್ನು ಆ ಸಂಜೆಯ ವಿಷಯ. ಹಿರಿಯ ತಾಯಿಯ ಪ್ರಶ್ನೆ ಕೇಳಿದ ಮೇಲೆ ಆ ಹುಡುಗನನ್ನು ಹತ್ತಿರ ಕರೆದೆವು. ಪಿಯುಸಿ ಓದುತ್ತಿದ್ದಾನೆ, ಮುಖದಲ್ಲಿ ಇನ್ನೂ ಮೀಸೆ ಚಿಗುರುತ್ತಿದೆ, ಹಣೆಯ ಮೇಲೆ ಸಭೆಗೆ ಬರುವಾಗ ಹಚ್ಚಿಕೊಂಡ ವಿಭೂತಿ ಹಾಗೆಯೇ ಇತ್ತು. "ಈಗ ಏನೋ ಬರೀತಿದ್ದೆಯಲ್ಲ, ಯಾರಿಗೆ?" ಎಂದೆವು. ಟೀವಿಯಲ್ಲಿ ಪಾತ್ರೆಯ ಸಲುವಾಗಿ ಜಗಳಾಡಿದ ಇಬ್ಬರಲ್ಲಿ ಒಬ್ಬಳ ಹೆಸರು ಹೇಳಿದ. "ಕಳಿಸಿ ಆಯಿತೇನು?" ಎಂದರೆ, "ಇನ್ನೂ ಇಲ್ರಿ" ಎಂದ. "ಹಂಗಾದರ ಅಜ್ಜಿಗೆ ಒಮ್ಮೆ ಓದಿ ಹೇಳು. ಆಕೆಗೆ ಕಣ್ಣು ಕಾಣಿಸೂದಿಲ್ಲ" ಎಂದೆವು.

ಹುಡುಗ ಮೊಬೈಲನ್ನು ಮುಖದ ಹತ್ತಿರ ಹಿಡಿದ. ಬಾಯಿ ತೆರೆದ, ಮುಚ್ಚಿದ. ಅಜ್ಜಿ ಕಿವಿಯನ್ನು ಅವನ ಕಡೆಗೆ ಹಿಡಿದು ಕುಳಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವನ ಹೆಬ್ಬೆರಳು ತೆರೆಯ ಮೇಲೆ ಒಂದೇ ಕಡೆ ಒತ್ತಿಕೊಂಡು ನಿಂತದ್ದು ನಮಗೆ ಕಾಣಿಸಿತು. ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತಿದ್ದ. "ಏನ್ ಬರೆದಿದ್ದಿ?" ಎಂದು ಅಜ್ಜಿ ಮತ್ತೆ ಕೇಳಿದಳು. "ಏನಿಲ್ಲ ಬಿಡವಾ" ಎಂದ. ಅಷ್ಟರಲ್ಲಿ ಒಳಗಿನಿಂದ ಎಡೆ ಮಾಡಿದ್ದಾರೆಂದು ಕರೆ ಬಂತು. ಎಲ್ಲರೂ ಎದ್ದೆವು.